ತಕ್ಕಡಿಯವಳು ಹೇಳಿದ್ದು

ಕೇಳುತ್ತೀರಿ, ಒಳ್ಳೆಯ ಗಾಳಗಾರ ಅಂದರೆ ಯಾರು ಅಂತ.
ನನ್ನನ್ನು ಕೇಳಿ ಏನು ಬಂತು?
ಟೆನೆಸ್ಸೀ ನದಿಯ ಈ ಕಟ್ಟೆಯ ಮೇಲೆ
ಇಪ್ಪತ್ತಾರು ವರ್ಷ ಗಾಳವಲ್ಲ, ತಕ್ಕಡಿ ಹಿಡಿದವಳು ನಾನು,
ಒಡೆಸ್ಸಾ ಪ್ರೂಯಿಟ್.
ಶನಿವಾರದ ಮೀನುವಾಸನೆ ಭಾನುವಾರಕ್ಕೂ ಬಿಡದೆ
ಚರ್ಚಿನಲ್ಲಿ ಕಡೆಯ ಬೆಂಚು ಹಿಡಿಯುವವಳು.

ಆದರೂ ಹೆಬ್ಬೆರಳು ನೋಡಿ ಹೇಳುತ್ತೇನೆ.
ಬಾಸ್ ಮೀನಿನ ಹಲ್ಲು ಹಲ್ಲಲ್ಲ, ಉಪ್ಪುಕಾಗದ.
ಕೆಳದವಡೆ ಹಿಡಿದು ಎತ್ತಿ ಎತ್ತಿ
ಬೆರಳಿನ ಗೆರೆ ಸವೆದುಹೋಗಿರಬೇಕು.
ಹೋಯ್ಟ್ ಬ್ರಾಸ್ವೆಲ್‌ನ ಸ್ವಂತ ಫೋನು
ಅವನ ಹೆಬ್ಬೆರಳಿಗೆ ಬಾಗಿಲು ತೆರೆಯುತ್ತಿರಲಿಲ್ಲ:
ಯಾರಪ್ಪ ನೀನು? ಇನ್ನೊಮ್ಮೆ ಒತ್ತು.

ಈಗಿನ ಹುಡುಗರ ದೋಣಿಗೆ ಒಂದು ಮನೆಯ ಬೆಲೆ.
ಅಂಗಿಯ ತುಂಬ ಎಣ್ಣೆ, ಬ್ಯಾಟರಿ, ಟೈರು, ಬಿಸ್ಕತ್ತಿನ ಹೆಸರು.
ಪರದೆಯ ಮೇಲೆ ನೀರಡಿಯ ಕೊರಡು ಕಾಣುತ್ತದೆ,
ಕೊರಡಿನ ನೆರಳಲ್ಲಿ ಮೀನು ಬಾಲ ತಿರುವಿದ್ದೂ ಕಾಣುತ್ತದೆ.
ಕಂಡರೆ ಆಯಿತೆ?
ಬಾಗಿಲಲ್ಲಿ ಕಂಡವರೆಲ್ಲ ಊಟಕ್ಕೆ ಕೂರುತ್ತಾರೆಯೆ?

ಹೋಯ್ಟ್ ಪಂದ್ಯಕ್ಕೆ ಮೂರು ದಿನ ಮೊದಲೇ ಬಂದು
ಟ್ರಕ್ಕಿನಲ್ಲೇ ಮಲಗುತ್ತಿದ್ದ, ಒದ್ದೆ ಸಾಕ್ಸು ಕನ್ನಡಿಗೆ ತೂಗುಹಾಕಿ.
ಅಭ್ಯಾಸದ ದಿನ ಇಕ್ಕಳದಿಂದ ಗಾಳದ ಮೊನೆ ಕತ್ತರಿಸಿ
ಮೊಂಡು ರಬ್ಬರ್ ಹುಳು ಎಸೆಯುತ್ತಿದ್ದ,
ಹೈಡ್ರಿಲಾ ಕಳೆಯ ಅಂಚಿಗೆ, ಮುಳುಗಿದ ಹಳೆ ರಸ್ತೆಯ ತಿರುವಿಗೆ.
ಕಚ್ಚಲಿ, ಉಗುಳಲಿ. ಇಲ್ಲಿದೆ ಅಂತ ತಿಳಿದರೆ ಸಾಕು.
ದಾರ ಒಮ್ಮೆ ತುಯ್ದಾಗ
ತೋಳು ತಾನಾಗಿ ಎಳೆಯಲು ಹೊರಟಿರುತ್ತದಲ್ಲ,
ಅದನ್ನು ತಡೆದು, ಸುಮ್ಮನೆ ದೋಣಿ ತಿರುಗಿಸುವುದು:
ಇಷ್ಟು ವರ್ಷದಲ್ಲಿ ಅದನ್ನು ಬಲ್ಲವರು ನಾಲ್ವರನ್ನು ಕಂಡಿದ್ದೇನೆ.
ಒಬ್ಬ ಕುಡಿದು ಸತ್ತ.

ಹೆಂಡತಿ ವರ್ನೀಟಾ ಒಮ್ಮೆ ನನ್ನ ಪಕ್ಕ ಕೂತು ಹೇಳಿದಳು:
ಅಣೆಕಟ್ಟಿನ ಗೇಟು ಎಷ್ಟಕ್ಕೆ ತೆರೆಯುತ್ತದೆ, ಇವನಿಗೆ ಗೊತ್ತಿರುತ್ತದೆ;
ಮಗಳ ಶಾಲೆ ಎಷ್ಟಕ್ಕೆ ಬಿಡುತ್ತದೆ, ಗೊತ್ತಿರುವುದಿಲ್ಲ.
ನಿದ್ದೆಯಲ್ಲೂ ಮಣಿಕಟ್ಟು ಆಡುತ್ತದೆ.
ಎರಡು ಸಲ ಮನೆ ಅಡವಿಟ್ಟಿದ್ದೇವೆ, ಪ್ರವೇಶದ ಹಣಕ್ಕೆ.
ಹಾಗೆನ್ನುತ್ತಲೇ ಅವಳ ಕಣ್ಣು ನದಿಯ ತಿರುವಿನಲ್ಲಿ,
ಕಿವಿ, ಯಾವ ದೋಣಿಯ ಸದ್ದು ಅವನದು ಅಂತ ಆರಿಸುತ್ತ.

ಕೇಳಿದಿರಲ್ಲ, ಒಂದು ದಿನದ ಮಾತು ಹೇಳುತ್ತೇನೆ.
ಅಕ್ಟೋಬರ್. ರಾತ್ರಿ ಉತ್ತರದ ಗಾಳಿ ಬಡಿದು
ಬೆಳಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಾಗಿತ್ತು.
ಅಂಥ ನೀಲಿಯಲ್ಲಿ ಮೀನು ಬಾಯಿ ಹೊಲಿದುಕೊಳ್ಳುತ್ತದೆ.
ನೂರಾ ಹನ್ನೆರಡು ದೋಣಿ.
ಬರಿಗೈಯವರು ತಕ್ಕಡಿಗೆ ಬರುವುದಿಲ್ಲ, ಅದು ವಾಡಿಕೆ;
ದೋಣಿಯನ್ನು ಟ್ರೇಲರಿಗೇರಿಸಿ, ಟೋಪಿ ತಗ್ಗಿಸಿ ಹೊರಡುತ್ತಾರೆ,
ಯಾರೂ ತಪ್ಪು ತಿಳಿಯುವುದಿಲ್ಲ.

ಹೋಯ್ಟ್ ಒಂದು ಚೀಲ ಇಸಿದುಕೊಂಡ.
ಸಾಲಿನಲ್ಲಿ ನಿಂತ. ಮುಂದೆ ಹತ್ತು ಜನ, ಹಿಂದೆ ಎಂಟು,
ಅವರ ಚೀಲಗಳಲ್ಲಿ ಬಾಲದ ಪಟಪಟ.
ಇವನ ಚೀಲ ಗಾಳಿಗೆ ಹಾರುತ್ತಿತ್ತು.
ಮೆಟ್ಟಿಲು ಹತ್ತಿ ಬಂದು ನನ್ನೆದುರು ನಿಂತು
'ತೂಗು, ಒಡೆಸ್ಸಾ' ಅಂದ.
ಮೈಕಿನವನಿಗೆ ಮಾತು ಸಿಕ್ಕಲಿಲ್ಲ.
ಐಸ್‌ಕ್ಯಾಂಡಿ ನೆಕ್ಕುತ್ತಿದ್ದ ಮಗುವೊಂದು ನಕ್ಕಿತು.
ಖಾಲಿ ಬುಟ್ಟಿ ಇಟ್ಟೆ. ಕೆಂಪು ಅಂಕೆ: ಸೊನ್ನೆ, ಚುಕ್ಕಿ, ಸೊನ್ನೆ ಸೊನ್ನೆ.
'ಬರಿ. ನಾಳೆ ನೋಡಿದಾಗ ಅಲ್ಲಿರಬೇಕು.'

ಇಳಿಯುವಾಗ ಹಿಂದಿದ್ದ ಹುಡುಗನನ್ನು ಕೇಳಿದ,
ಹತ್ತೊಂಬತ್ತರ ಪೋರ, ಇಪ್ಪತ್ತೊಂದು ಪೌಂಡು ಹೊತ್ತವನು:
ಎಷ್ಟು ಆಳದಲ್ಲಪ್ಪ?
ಹನ್ನೆರಡು ಅಡಿ ಸರ್, ಅಂದ ಹುಡುಗ.
ಅವನ ಚೀಲದ ಹಿಡಿಗೆ ಅಂಟಿತ್ತು
ಮೊಣಕಾಲುದ್ದದ ನೀರಲ್ಲಿ ಬೆಳೆಯುವ ಜೊಂಡಿನ ಹೂ.
ಹೋಯ್ಟ್ ಅದನ್ನು ನೋಡಿದ. ನೋಡಿ,
ಒಳ್ಳೆಯದು, ಅಂದ.

ಮರುದಿನ ಗೆದ್ದನೆ ಅಂತ ಕೇಳಬೇಡಿ.
ಕತ್ತಲಲ್ಲೇ ಅವನ ದೋಣಿ ಮೊದಲು ನೀರಿಗಿಳಿದಿತ್ತು, ಅಷ್ಟು ಗೊತ್ತು.
ನಾನೋ, ಆ ಸಂಜೆ,
ತಕ್ಕಡಿ ಕೆಟ್ಟಿರಬಹುದೆಂದು
ಗುಂಡಿ ಒತ್ತಿ ಇನ್ನೊಮ್ಮೆ ತೂಗಿದ್ದೆ.
ಸೊನ್ನೆಯೇ.
ತಟ್ಟೆ ಒರೆಸಿ,
ಮುಂದಿನವರು ಬನ್ನಿ, ಅಂದೆ.