ಐಸ್ ಪ್ಲಾಂಟಿನವರ ಬಿಸಿನೀರು

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೂವತ್ತೊಂದು ವರ್ಷ
ಗಡ್ಡೆ ಎಳೆದವರು ನಮ್ಮ ದೂಮಪ್ಪ ಮೆಂಡನ್.
ಬೆರಳ ತುದಿಗೆ ಈಗ ಬಿಸಿಯೂ ಒಂದೇ, ತಣ್ಣಗೂ ಒಂದೇ.
ಕುದಿಯುವ ಚಾದ ಲೋಟ ಹಿಡಿದು ಮಾತಾಡುತ್ತಾ ನಿಲ್ಲುತ್ತಾರೆ,
ನಾನೇ ಕಸಿದು ಕೆಳಗಿಡಬೇಕು.

ಕೆಲಸ ಬಿಟ್ಟ ಮರುವಾರವೇ ಶುರು.
ಗುಜರಿ ಮೋನಾಕನ ಟೆಂಪೋದಲ್ಲಿ
ಮುಚ್ಚಿದ ಕೋಲ್ಡ್ ಸ್ಟೋರೇಜೊಂದರ ಕಂಡೆನ್ಸರು ಬಂತು,
ಹೆಬ್ಬೆರಳು ದಪ್ಪದ ನಳಿಗೆ, ಮಡಚಿ ಮಡಚಿ.
"ಇದು ಶೀತದ ಸಾಮಾನಲ್ವಾ?" ಅಂದೆ.
"ಶೀತ ಅಂದ್ರೆ ಎಂಥದು? ಬಿಸಿಯನ್ನು ಹೊರಗೆ ದೂಡುವುದು.
ದೂಡಲಿಕ್ಕೆ ಬರುವುದಕ್ಕೆ ಒಳಗೆ ಕರೆಯಲಿಕ್ಕೂ ಬರ್ತದೆ."
ಎರಡು ದಿನ ಸೋಪಿನ ನೀರು ಹೊಯ್ದು ಅದರ ಹೊಟ್ಟೆ ತೊಳೆದರು.

ದೋಣಿಗೆ ಬಳಿದು ಉಳಿದ ಕಪ್ಪು ಪೇಂಟು.
ಮೂಲೆ ಬಿರಿದ ಕಿಟಕಿ ಗಾಜು.
ನೀಲಿ ಡ್ರಮ್ಮು, ಅದರಲ್ಲಿ ಮೊದಲು ಎಂಥದಿತ್ತೆಂದು ನಾನು ಕೇಳಲಿಲ್ಲ.
ಆಮೇಲೆ ಥರ್ಮಾಕೋಲು, ಮೀನಿನ ಪೆಟ್ಟಿಗೆಯದ್ದು,
ಬಂಗುಡೆ ವಾಸನೆ ಬಿಟ್ಟಿರಲಿಲ್ಲ.
ಕೊಚ್ಚಿಯವರೆಗೆ ಲಾರಿಯಲ್ಲಿ ಐಸು ಕಾದದ್ದು
ಇನ್ನು ಪಡುಕೆರೆಯ ಬಿಸಿಲನ್ನು
ರಾತ್ರಿಯವರೆಗೆ ಕಾಯಬೇಕಂತೆ.
ಅದಕ್ಕೇನು, ಒಳಗೆ ಯಾರಿದ್ದರೂ ಬಾಗಿಲು ಹಾಕಿ ಕೂರುವ ಜಾತಿ.

ಮೊದಲ ದಿನ ನೀರು ಅಲ್ಲಾಡಲಿಲ್ಲ.
ನಳಿಗೆ ಸುಡುತ್ತಿತ್ತು, ಡ್ರಮ್ಮು ಬಾವಿಯಷ್ಟೇ ತಣ್ಣಗೆ.
ತಾರಸಿಯಲ್ಲಿ ಕಪ್ಪಾಗುವವರೆಗೆ ಕೂತರು.
ರಾತ್ರಿ ಎರಡು ಗಂಟೆಗೆ ನನ್ನ ಭುಜ ಅಲ್ಲಾಡಿಸಿ
"ಡ್ರಮ್ಮು ಮೇಲೆ ಇರಬೇಕಿತ್ತು, ಜಲಜ!
ಬಿಸಿಯಾದದ್ದು ಹತ್ತುತ್ತದೆ, ತಣ್ಣಗಿದ್ದದ್ದು ತಾನೇ ಇಳಿದು ಬರ್ತದೆ.
ಪಂಪು ಬೇಡ, ಕರೆಂಟು ಬೇಡ,
ಹತ್ತಲಿಕ್ಕೆ ಒಂದು ಜಾಗ ಇದ್ದರೆ ಸಾಕು."
ಬೆಳಿಗ್ಗೆ ಮಾತಾಡುವ ಅಂದು ನಾನು ಮಗ್ಗುಲು ಬದಲಿಸಿದೆ.

ಹನ್ನೆರಡು ಕೆಂಪುಕಲ್ಲು ಹೊತ್ತರು, ಒಬ್ಬರೇ.

ಮರುದಿನ ಸಂಜೆ ನಾಲ್ಕಕ್ಕೆ ಬಚ್ಚಲಲ್ಲಿ ನಳ್ಳಿ ತಿರುಗಿಸಿ
ಕೈ ಒಡ್ಡಿ ನಿಂತರು, ಮುಖ ನೋಡಲಾಗಲಿಲ್ಲ.
ಬೆರಳು ಏನೂ ಹೇಳಲಿಲ್ಲ ಅವರಿಗೆ.
"ನೀನು ಮುಟ್ಟು."
ಮುಟ್ಟಿದೆ. ಹೌಹಾರಿ ಕೈ ಎಳೆದುಕೊಂಡೆ,
ನನ್ನ ಕೈ ಹಾರಿದ್ದು ನೋಡಿಯೇ ಅವರು ನಕ್ಕರು.

ಬಾಗಿಲು ಹಾಕಿಕೊಂಡರು. ಚೆಂಬಿನ ಸದ್ದು.
ಬೆರಳಿಗೆ ತಿಳಿಯದ್ದು ಬೆನ್ನಿಗೆ ತಿಳಿದಿರಬೇಕು,
ಒಳಗಿನಿಂದ ದೊಡ್ಡ ಕೂಗು:
"ಮಾರಾಯ್ತಿ, ಒಂದು ಕೊಡಪಾನ ತಣ್ಣೀರು ತಾ!"