ಹನ್ನೆರಡು ಕೆಲಸದ ದಿನ

ಗಿಲ್ರಾಯ್ ಅವರೇ,
ಈ ಪತ್ರ ನಿಮಗೆ ಕಳಿಸಕೂಡದೆಂದು ವಕೀಲೆ ಹೇಳಿದ್ದಾಳೆ.
ಏನಿದ್ದರೂ ಅವಳ ಮೂಲಕ, ಅವಳ ಕಾಗದದಲ್ಲಿ, ಅವಳ ಭಾಷೆಯಲ್ಲಿ.
ಹಾಗಾಗಿ ಇದನ್ನು ಇನ್ವರ್‌ಕಾರ್ಗಿಲ್ಲಿನ ಬಾಡಿಗೆ ಕ್ಯಾಬಿನ್ನಿನಲ್ಲಿ
ಲಾರಿ ರಸೀದಿಯ ಬೆನ್ನಿಗೆ ಬರೆಯುತ್ತಿದ್ದೇನೆ.
ಮೂರು ಸಲ ತೊಳೆದರೂ ಕೈಗೆ ಸಿಂಪಿಯ ವಾಸನೆ.

ಮಾರ್ಚ್ ಇಪ್ಪತ್ತೇಳು, ಶುಕ್ರವಾರ, ಇತ್ಯರ್ಥ
ಎಂದು ಕರಾರಿನಲ್ಲಿತ್ತು.
ಒಡೆದು ನೋಡಿದರೆ ಚಂದದ ಮಾತು: ಇತಿ, ಅರ್ಥ.
ಹಣ ಅತ್ತ ಹೋಗುತ್ತದೆ, ಕೀಲಿ ಇತ್ತ ಬರುತ್ತದೆ,
ಅದರಾಚೆ ಬೇರೆ ಅರ್ಥವಿಲ್ಲ.
ತವಿತಾ ಮಧ್ಯಾಹ್ನಕ್ಕೇ ಲಾರಿ ತಂದು ನಿಮ್ಮ ಗೇಟಿನೆದುರು ನಿಲ್ಲಿಸಿದ.
ಒಳಗೆ ಹಾಸಿಗೆ, ಫ್ರಿಜ್ಜು, ಅಮ್ಮನ ಹೊಲಿಗೆ ಯಂತ್ರ,
ಚಕ್ರ ಮೇಲೆ ಮಾಡಿ ಮಲಗಿದ ಪೆನಿಯ ಸೈಕಲ್ಲು.
ನಾಲ್ಕೂವರೆಗೆ ಫೋನು: ಒಂದು ಸಹಿ ಬಾಕಿ.
ನಿಮ್ಮ ಹೆಂಡತಿ, ಈಗ ಹೆಂಡತಿಯಲ್ಲದ ಐಲ್ಸಾ,
ನೆಲ್ಸನ್ನಿನಲ್ಲಿ ಕೂತು ಪೆನ್ನು ಮುಟ್ಟುತ್ತಿಲ್ಲ.
ಮುಂದಿನ ವಾರ ನೋಡೋಣ.
ದೆವ್ವಕ್ಕೆ ಹೇಳುವ ಹಾಗೆ: ನಾಳೆ ಬಾ.
ದೆವ್ವವಾದರೂ ದಿನಕ್ಕೆ ನೂರ ನಲವತ್ತು ಡಾಲರು
ಲಾರಿ ಬಾಡಿಗೆ ಕಟ್ಟುವುದಿಲ್ಲ.

"ನೋಟಿಸು ಕೊಡೋಣ," ಎಂದಳು ಸೋಮವಾರ ಮೊಯಿರಾ ಟಲಕ್.
"ಹನ್ನೆರಡು ಕೆಲಸದ ದಿನ. ಇವತ್ತಿನವರೆಗೆ ಅದು ಬರೀ ತಾರೀಕು,
ನೋಟಿಸಿನ ಮೇಲೆ ಕಾಲವೇ ಕರಾರಿನ ಜೀವ.
ನಿಮ್ಮ ಹಣ ತಯಾರಿದೆ, ನೀವು ತಯಾರಿದ್ದೀರಿ, ಅದೇ ಬಲ."
ಆಗಲೂ ತಪ್ಪಿದರೆ?
ಬಿಟ್ಟುಬಿಡಬಹುದು: ಮುಂಗಡ ವಾಪಸು, ಬಡ್ಡಿ,
ಕಳಕೊಂಡದ್ದಕ್ಕೆ ಪರಿಹಾರದ ದಾವೆ.
ಹಿಡಿದುಕೊಳ್ಳಲೂಬಹುದು: ಕೋರ್ಟಿಗೆ ಹೋಗಿ
ಆಡಿದ್ದನ್ನು ಮಾಡಿಸಿ ಎಂದು ಕೇಳುವುದು.
ಅದಕ್ಕೆ ತಿಂಗಳುಗಳು ಬೇಕು, ದುಡ್ಡು ಬೇಕು,
ಅಷ್ಟರಲ್ಲಿ ಮನೆ ಇನ್ನೊಬ್ಬರ ಪಾಲಾಗದಂತೆ
ಹಕ್ಕುಪತ್ರದ ಮೇಲೊಂದು ತಕರಾರು ದಾಖಲಿಸಿಡಬೇಕು.
"ಇಲ್ಲವೇ ಸುಮ್ಮನೆ ಕಾಯಬಹುದು," ಎಂದಳು,
"ಅದಕ್ಕೆ ನನ್ನ ಫೀಸಿಲ್ಲ."

ಆಡಿದ್ದನ್ನು ಮಾಡಿಸುವ ಕೋರ್ಟು!
ಮೊದಲೇ ಗೊತ್ತಿದ್ದರೆ ನಾನು
ಮೊದಲ ಗಂಡನ ಮೇಲೆ ಹೂಡುತ್ತಿದ್ದೆ, ಗಿಲ್ರಾಯ್ ಅವರೇ.
ಐಲ್ಸಾ ನಿಮ್ಮ ಮೇಲೆ ಹೂಡುತ್ತಿದ್ದರೇನೋ.

ಪೆನ್ನು ಹಿಡಿದಾಗ ಒಂದು ವಿಷಯ ನೆನಪಾಯಿತು,
ಟಲಕ್‌ಗೆ ಹೇಳಲಿಲ್ಲ.
ಭಾನುವಾರ ರಾತ್ರಿ ಪೆನಿ ಮಲಗಿದ ಮೇಲೆ
ಒಬ್ಬಳೇ ನಿಮ್ಮ ಬೀದಿಗೆ ಬಂದಿದ್ದೆ. ಬೈಯಲಿಕ್ಕೇ ಬಂದಿದ್ದೆ.
ಬೋಳು ಕಿಟಕಿ, ಒಳಗೆ ದೀಪ.
ನೀವು ಸ್ಟೂಲಿನ ಮೇಲೆ ನಿಂತು ಒದ್ದೆ ಪರದೆಗಳನ್ನು
ಒಂದೊಂದೇ ಕೊಂಡಿಗೆ ಸಿಕ್ಕಿಸುತ್ತಿದ್ದಿರಿ.
ಮನೆಯೊಂದಿಗೆ ಬರುವ ಸಾಮಾನಿನ ಪಟ್ಟಿಯಲ್ಲಿ
ಒಲೆ, ಆಂಟೆನಾ, ಹೊಗೆಯ ಅಲಾರಂ, ಆಮೇಲೆ: ಪರದೆಗಳು.
ಒಗೆದು ಕೊಡಬೇಕೆಂದು ಎಲ್ಲೂ ಬರೆದಿಲ್ಲ.
ಮನೆ ಕೊಡಲಾಗದವರು
ಪರದೆ ಕೊಡುತ್ತಿದ್ದಿರಿ.
ಹಾರ್ನಿಗೆ ಹೋದ ಕೈ ಹಾಗೇ ಉಳಿಯಿತು.

ಆದರೂ ಸಹಿ ಮಾಡಿದೆ.
ಲೋಸಾ ಫಾಲಾನಿಕೋ, ಪೂರಾ ಹೆಸರು, ಕೆಳಗೊಂದು ಗೆರೆ.
ಕರುಣೆಗೆ ಕ್ಯಾಬಿನ್ನಿನ ಬಾಡಿಗೆ ಕಟ್ಟಲು ಬರುವುದಿಲ್ಲ.

ಈಗ ಪೆನಿ ಕ್ಯಾಲೆಂಡರಿಗೆ ಗೀಟು ಹಾಕುತ್ತಾನೆ.
ಶನಿವಾರ ಲೆಕ್ಕಕ್ಕಿಲ್ಲ, ಭಾನುವಾರ ಇಲ್ಲ,
ಗುಡ್ ಫ್ರೈಡೇ ಇಲ್ಲ, ಈಸ್ಟರ್ ಸೋಮವಾರ ಇಲ್ಲ,
ಮಂಗಳವಾರ ಸೌತ್‌ಲ್ಯಾಂಡಿನ ಹುಟ್ಟುಹಬ್ಬವಂತೆ, ಅದೂ ಇಲ್ಲ.
"ಹಾಗಾದ್ರೆ ಆ ದಿನಗಳಲ್ಲಿ ನಾವು ಎಲ್ಲಿರ್ತೀವಿ?"
ಇಲ್ಲೇ ಮಗಾ, ಬಂಕಿನ ಮೇಲೆ.
ಫ್ರಿಜ್ಜು ಯಾರದೋ ಗ್ಯಾರೇಜಿನಲ್ಲಿ.

ಇವತ್ತಿಗೆ ಒಂಬತ್ತು.
ಸಿಂಪಿ ಬಿಡಿಸುವ ಚಾಕು ಸರಿಯಾದ ಸಂದಿಗೆ ಬಿದ್ದರೆ
ಬಲ ಬೇಕಿಲ್ಲ, ಮಣಿಕಟ್ಟು ತಿರುವಿದರೆ ಸಾಕು.
ಸಂದಿ ಸಿಗದೆ ಒತ್ತಿದರೆ ಅಂಗೈ ಕುಯ್ಯುತ್ತದೆ.
ನನ್ನ ನೋಟಿಸು ಎಲ್ಲಿ ಬಿದ್ದಿದೆಯೋ.
ಪರದೆಗಳು ಇಷ್ಟೊತ್ತಿಗೆ ಒಣಗಿರಬೇಕು.
ಐಲ್ಸಾ ಅವರ ನಂಬರು ನಿಮ್ಮಲ್ಲಿದ್ದರೆ
ನಾನೇ ಒಮ್ಮೆ,
ಬೇಡ.
ಏನಿದ್ದರೂ ವಕೀಲೆಯ ಮೂಲಕ.