ನೀರು ಬಿಡುವವರ ರಜೆ

ಹನ್ನೊಂದು ಮಂದಿ ನಾವು, ಬೆಟಗೇರಿ ಕಡೆಯವರು,
ಎಂಟು ದಿನಕ್ಕೊಮ್ಮೆ ಓಣಿಗೆ ನೀರು ಬಿಡುವವರು.
ಎರಡು ವರ್ಷ ಚೀಟಿ ಕಟ್ಟಿ,
ಕೀಲಿಗಳನ್ನು ಇನ್ನೊಂದು ಪಾಳಿಗೆ ಒಪ್ಪಿಸಿ
ಬೆಂಗಳೂರಿಗೆ ಬಂದ ಮರುದಿನವೇ ಮಳೆ.

ಸಂಕಣ್ಣನ ಕಿಸೆಯಲ್ಲಿ ಪಟ್ಟಿ ಇತ್ತು:
ಬೆಳಿಗ್ಗೆ ಲಾಲ್‌ಬಾಗು, ಬಂಡೆ ಹತ್ತುವುದು,
ಹುಲ್ಲಿನ ಮೇಲೆ ಹಗ್ಗಜಗ್ಗಾಟ, ಲಿಂಬು-ಚಮಚ,
ಗೆದ್ದವರಿಗೆ ಸ್ಟೀಲಿನ ಡಬ್ಬಿ;
ಮಧ್ಯಾಹ್ನ ಹಲಸೂರು ಕೆರೆಯಲ್ಲಿ ದೋಣಿ,
ಸಂಜೆ ಕಬ್ಬನ್ ಪಾರ್ಕಿನ ಪುಟ್ಟ ರೈಲು.
ಬಾಲ್‌ಪೆನ್ನಿನಲ್ಲಿ ಬರೆಯಬೇಕಿತ್ತು.
ಇಂಕ್‌ಪೆನ್ನಿನ ಅಕ್ಷರವೇ ಚೆಂದ ಅವನಿಗೆ.
ಒಂಬತ್ತಕ್ಕೆಲ್ಲ ದೋಣಿ ಕರಗಿ ರೈಲಿನ ಮೇಲೆ ಹರಿದಿತ್ತು.

ಗೇಟಿನಲ್ಲಿ ಕಡಲೆಕಾಯಿ ಮಾರುವಾಕೆ
ಬುಟ್ಟಿಗೆ ಪ್ಲಾಸ್ಟಿಕ್ ಹೊದೆಸಿ, ತಾನು ನೆನೆಯುತ್ತ,
'ನಾಳೆ ಬನ್ನಿ ಸ್ವಾಮಿ' ಎಂದಳು.
'ನಾಳಿ ಎಲ್ಲಿದವ್ವ ನಮಗ,' ಅಂದ ರಾಜೇಸಾಬ,
'ನಸುಕಿನ್ಯಾಗ ಗಾಡಿ. ನಾಡದು ಮೂರನೇ ವಾರ್ಡು.'

ನಮಗೆ ನೀರು ಗೊತ್ತು.
ನೆಲದ ಕೆಳಗೆ ಅದು ಬರುವ ಸದ್ದು: ಮೊದಲು ಗಾಳಿ,
ಆಮೇಲೊಂದು ಕೆಮ್ಮು, ಕೆಂಪು ನೀರು, ಆಮೇಲೆ ತಿಳಿ.
ಕೀಲಿ ಎಷ್ಟು ಸುತ್ತಿದರೆ ಯಾವ ಮನೆಯ
ಕೊನೆಯ ಕೊಡ ತುಂಬುತ್ತದೆ, ಯಾರ ಹಿತ್ತಲಿಂದ ಬೈಗುಳ,
ಎಲ್ಲ ಗೊತ್ತು.
ಇದು ಮಾತ್ರ ಯಾರ ಕೈಯಲ್ಲೂ ಇಲ್ಲದ ನೀರು.
ಪಾಳಿಯಿಲ್ಲ, ಸರದಿಯಿಲ್ಲ,
ಗಾಜಿನ ಮನೆಗೂ ಕಸದ ಗಾಡಿಗೂ
ಒಂದೇ ಅಳತೆ.
ಮಾಬೂಲಿ ರೂಢಿಯಂತೆ ಗಡಿಯಾರ ನೋಡಿದ:
'ಎರಡು ತಾಸಾತು. ಇಷ್ಟೊತ್ತಿಗೆ ಬಂದ್ ಮಾಡಬೇಕಿತ್ತು.'

ಬಂಡೆ ಜಾರುತ್ತಿತ್ತು. ಆದರೂ ಹತ್ತಿದೆವು,
ಚಪ್ಪಲಿ ಕೈಯಲ್ಲಿ, ಪ್ಯಾಂಟು ಮೊಣಕಾಲಿಗೆ.
ಅರ್ಧದಲ್ಲಿ ಗುರುಬಸಯ್ಯನವರು ಕೂತುಬಿಟ್ಟರು.
ಬರುವ ಮಾರ್ಚಿಗೆ ಅವರ ನಿವೃತ್ತಿ,
ಎಡ ಮಂಡಿ ಮೊದಲೇ ನಿವೃತ್ತ.
ಹಗ್ಗಜಗ್ಗಾಟಕ್ಕೆಂದು ತಂದ ನೂಲಿನ ಹಗ್ಗ,
ಒಂದು ತುದಿ ಅವರ ನಡುವಿಗೆ, ಇನ್ನೊಂದು ನಮ್ಮ ಹತ್ತು ಮಂದಿಗೆ.
'ಸಾವಕಾಶ ಎಳೀರೋ, ನಾ ಏನು ಬಾವ್ಯಾಗ ಬಿದ್ದ
ಪಂಪ್‌ಸೆಟ್ಟೇನು!' ಕೂಗುತ್ತಲೇ ಬಂದರು.

ಮೇಲೆ, ಗೋಪುರದ ಪಕ್ಕ, ಊರು ಕಾಣಲಿಲ್ಲ.
ಬಿಳಿ. ಬಿಳಿಯ ಒಳಗೆಲ್ಲೋ ಒಂದು ಹಾರ್ನು.
ಇದಕ್ಕೇ ಇಷ್ಟು ದೂರ ಬಂದೆವೇ ಎಂದು
ಯಾರೂ ಅನ್ನಲಿಲ್ಲ. ನಾನು ಅನ್ನುವವನಿದ್ದೆ,
ನೋಡಿದರೆ ಗುರುಬಸಯ್ಯ ಮುಖ ಮೇಲೆತ್ತಿ
ಬಾಯಿ ತೆರೆದು ನಿಂತಿದ್ದರು.
ಮೂವತ್ತೆರಡು ವರ್ಷ ಊರಿಗೆ ನೀರು ಬಿಟ್ಟವರು
ಕುಡಿಯುತ್ತಿದ್ದರು.

ಹಲಸೂರಿನಲ್ಲಿ ದೋಣಿ ಕಟ್ಟಿಹಾಕಿದ್ದರು.
ಕೆರೆ ತನ್ನಷ್ಟಕ್ಕೆ ತುಂಬಿಕೊಳ್ಳುತ್ತಿತ್ತು.
ಕಬ್ಬನ್ ಪಾರ್ಕಿನಲ್ಲಿ ರೈಲಿಲ್ಲ. ಆಕಾಶಮಲ್ಲಿಗೆ
ರಸ್ತೆ ತುಂಬ ಬಿದ್ದು, ತೇಲಿ, ಮೋರಿಯ ಬಾಯಿಗೆ ಸಿಕ್ಕಿ
ನೀರು ಕಟ್ಟಿತ್ತು. ರಜೆ ಮರೆತು
ದ್ಯಾಮಣ್ಣ ತೋಳು ಮಡಚಿ ಕೈ ಇಳಿಸಿದ.
ಹಿಡಿ ಹಿಡಿ ಹೂವು, ಚಿಪ್ಸಿನ ಚೀಲ,
ಒಂದು ಮಗುವಿನ ಚಪ್ಪಲಿ.
ಗುಳುಕ್ ಎಂದಿತು ಮೋರಿ, ನೀರು ಸುಳಿ ತಿರುಗಿ ಇಳಿಯಿತು.
ಕೊಡೆ ಹಿಡಿದು ಹೋಗುವವರು ತಿರುಗಿ ನೋಡುವಷ್ಟು
ಜೋರಾಗಿ ಚಪ್ಪಾಳೆ ತಟ್ಟಿದೆವು.
ಸ್ಟೀಲಿನ ಡಬ್ಬಿ ಅವನಿಗೇ ಹೋಯಿತು.
ಲಿಂಬೆಹಣ್ಣುಗಳನ್ನು ರಾತ್ರಿ ಸಾರಿಗೆ ಹಿಂಡಿಕೊಂಡೆವು.

ಈಗ ಮೆಜೆಸ್ಟಿಕ್ಕಿನ ಲಾಡ್ಜು.
ಕಿಟಕಿಯ ಸರಳಿನಿಂದ ಬಾಗಿಲ ಕೊಂಡಿಗೆ ಅದೇ ಹಗ್ಗ,
ಅದರ ಮೇಲೆ ಹನ್ನೊಂದು ಅಂಗಿ, ತೋಳು ಜೋಲು ಬಿಟ್ಟು.
ಕೆಳಗೆ ಸಂಕಣ್ಣ ಬಕೆಟ್ಟು ಇಟ್ಟಿದ್ದಾನೆ.
ಯಾಕೋ ಎಂದರೆ, 'ಇರಲಿ,' ಅಂದ, 'ಚೆಲ್ಲಬಾರದು.'

ಮನೆಯಿಂದ ಫೋನು:
'ಇಲ್ಲಿ ಇವತ್ತು ನೀರು ಬಿಟ್ಟಿಲ್ರೀ. ಅಲ್ಲಿ ಹ್ಯಾಂಗ?'
ಏನು ಹೇಳಲಿ,
ಕೈ ಚಾಚಿ ಫೋನನ್ನು
ಕಿಟಕಿಯ ಹೊರಗೆ ಹಿಡಿದೆ.